ಮೊದಲು ಮೆಕ್ಯಾನಿಕ್, ಆಮೇಲೆ ಕಾರು

ನಮ್ಮ ದೊಡ್ಡಪ್ಪ ಹಾಸನದಲ್ಲಿ ಹನ್ನೊಂದು ವರ್ಷ ಕ್ವಾಲಿಸ್ ಟ್ಯಾಕ್ಸಿ ಓಡಿಸಿದವರು. ನಾನು ಹಳೆಯ ಸ್ಪೋರ್ಟ್ಸ್ ಕಾರು ತಗೊಳ್ಳುತ್ತೇನೆ ಅಂತ ಫೋನಿನಲ್ಲಿ ಹೇಳಿದಾಗ ಅವರು ಬೆಲೆ ಕೇಳಲಿಲ್ಲ, ಬಣ್ಣವನ್ನೂ ಕೇಳಲಿಲ್ಲ. "ಅದಕ್ಕೆ ಕೈ ಹಾಕೋ ಮೆಕ್ಯಾನಿಕ್ ಯಾರಿದಾನೆ ಮಗಾ ಅಲ್ಲಿ?" ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ.

ನಾನಿರುವುದು ಕ್ಯಾಲಿಫೋರ್ನಿಯಾದ ಸನ್ನಿವೇಲ್‌ನಲ್ಲಿ. ಒಟ್ಟು 70 ಸಾವಿರ ಡಾಲರ್ ದಾಟಬಾರದು, ಅದರಲ್ಲಿ 15 ಸಾವಿರ ರಿಪೇರಿಗೆ ಅಂತ ಬೇರೆ ಇಡಬೇಕು. ಇದು ಹೆಂಡತಿ ಹಾಕಿದ ಷರತ್ತು. ಆಗ ಸಿಟ್ಟು ಬಂದಿತ್ತು.

ಮೊದಲು ಮನಸ್ಸು ಓಡಿದ್ದು ಫೆರಾರಿ 360ರ ಕಡೆಗೆ. ಇದಕ್ಕಿಂತ ಮುಂಚಿನ 355ರಲ್ಲಿ ಟೈಮಿಂಗ್ ಬೆಲ್ಟ್ (ವಾಲ್ವ್‌ಗಳು ಸರಿಯಾದ ಹೊತ್ತಿಗೆ ತೆರೆದು ಮುಚ್ಚುವಂತೆ ಮಾಡುವ ಪಟ್ಟಿ) ಬದಲಿಸಬೇಕೆಂದರೆ ಎಂಜಿನ್ನನ್ನೇ ಕೆಳಗಿಳಿಸಬೇಕು. 360ರಲ್ಲಿ ಆ ಕಾಟ ಇಲ್ಲ, ಸೀಟಿನ ಹಿಂದಿನ ಮುಚ್ಚಳ ತೆಗೆದು ಮಾಡಬಹುದು. ಆದರೆ ಓಡಿಸಿ, ಸುಮ್ನೆ ನಿಲ್ಲಿಸಿಡಿ, ಮೂರರಿಂದ ಐದು ವರ್ಷಕ್ಕೊಮ್ಮೆ ಬೆಲ್ಟ್ ಹೊಸದು ಹಾಕಲೇಬೇಕು. ಅದು ಹರಿದರೆ ವಾಲ್ವ್‌ಗೂ ಪಿಸ್ಟನ್‌ಗೂ ಡಿಕ್ಕಿ, ಎಂಜಿನ್ ಕತೆ ಮುಗಿದಂತೆ. ನಾನು ನೋಡಿದ ಕಾರು ಜಾಸ್ತಿ ಓಡಿತ್ತು, ಹಾಗಾಗಿ ಬೆಲೆ ಕೈಗೆಟುಕುವಂತಿತ್ತು. ಮಾರುವವನು "ಬೆಲ್ಟ್ ಈಗಷ್ಟೇ ಹಾಕಿಸಿದ್ದು" ಅಂದ. ಬಿಲ್ ತೋರಿಸಿ ಅಂದೆ. ಹುಡುಕಿ ಕಳಿಸುತ್ತೇನೆ ಅಂದ. ಕ್ಲಚ್ ಎಷ್ಟು ಸವೆದಿದೆ ಅಂತ ಕಂಪ್ಯೂಟರ್ ಹಾಕಿ ನೋಡೋಣವಾ ಅಂತ ಕೇಳಿದೆ. ಆಮೇಲೆ ಅವನ ಫೋನೇ ಬರಲಿಲ್ಲ. ಒಳ್ಳೆಯದೇ ಆಯಿತು.

ಬುದ್ಧಿ ಇದ್ದವರು ಪೋರ್ಷೆ ಕೇಮನ್ ತಗೊಳ್ಳುತ್ತಾರೆ. 2009ರ ಮಾಡೆಲ್‌ನಿಂದ ಈಚಿನದು ಆದರೆ ಹಳೆಯ ಪೋರ್ಷೆಗಳ ಐಎಂಎಸ್ ಬೇರಿಂಗ್, ಅಂದರೆ ಎಂಜಿನ್ ಒಳಗಿನ ಒಂದು ಶಾಫ್ಟ್‌ನ ಬೇರಿಂಗ್, ಅದರ ಭಯವೂ ಇಲ್ಲ. ಆ ಬೇರಿಂಗ್ ಕೈಕೊಟ್ಟರೆ ಇಡೀ ಎಂಜಿನ್ ಹೋಗುತ್ತಿತ್ತು. 2009ಕ್ಕೆ ಬಂದ ಹೊಸ ಎಂಜಿನ್‌ನಲ್ಲಿ ಅದೇ ಇಲ್ಲ. ಒಂದನ್ನು ಓಡಿಸಿಯೂ ನೋಡಿದೆ. ತುಂಬಾ ಚೆನ್ನಾಗಿತ್ತು. ಆದರೆ ನಮ್ಮ ಆಫೀಸಿನ ಪಾರ್ಕಿಂಗ್‌ನಲ್ಲಿ ಅಂಥವು ಮೂರು ನಿಂತಿರುತ್ತವೆ. ನನ್ನ ಹುಚ್ಚಿಗೆ ಅದು ಸಾಲಲಿಲ್ಲ, ಇನ್ನೇನು ಹೇಳಲಿ.

ಆಗ ಸಿಕ್ಕಿದ್ದು ಲೋಟಸ್ ಎಲೀಸ್, 2006ರ ಮಾಡೆಲ್, ಹಳದಿ ಬಣ್ಣ. ಇಂಗ್ಲೆಂಡಿನ ಹೆಥೆಲ್ ಅನ್ನೋ ಹಳ್ಳಿಯಲ್ಲಿ ಕಟ್ಟಿದ ಕಾರು, ಆದರೆ ಒಳಗಿರುವುದು ಟೊಯೋಟಾದ 1.8 ಲೀಟರ್ ಎಂಜಿನ್. ಯಮಾಹಾ ಜೊತೆ ಸೇರಿ ಮಾಡಿದ್ದು. ಅಮೆರಿಕದಲ್ಲಿ ಸೆಲಿಕಾದಲ್ಲೂ ಇತ್ತು, ಕೊರೊಲ್ಲಾದ ಒಂದು ಮಾಡೆಲ್‌ನಲ್ಲೂ ಇತ್ತು. 190 ಅಶ್ವಶಕ್ತಿ ಅಷ್ಟೇ. ಆದರೆ ಕಾರಿನ ತೂಕ ಸುಮಾರು 900 ಕಿಲೋ, ಹಾಗಾಗಿ ಅದು ಸಾಕೋ ಸಾಕು. 6,200 ಆರ್‌ಪಿಎಂ ದಾಟಿದ ಮೇಲೆ ಕ್ಯಾಮ್ (ವಾಲ್ವ್ ತೆರೆಯುವ ಉಬ್ಬು) ಬದಲಾಗಿ ಒಮ್ಮೆ ಕೂಗುತ್ತದೆ ನೋಡಿ, ಅಲ್ಲಿಯವರೆಗೆ ಕೊರೊಲ್ಲಾ, ಅಲ್ಲಿಂದ ಮುಂದೆ ಬೇರೆಯೇ ಗಾಡಿ. ಚಾಸಿ ಅಲ್ಯೂಮಿನಿಯಂ, ಅದನ್ನು ಜೋಡಿಸಿರುವುದು ಅಂಟಿನಿಂದ. ಅಮ್ಮನಿಗೆ ಹೇಳಿದಾಗ "ಗೋಂದು ಹಾಕಿರೋ ಕಾರಾ?" ಅಂತ ಗಾಬರಿಯಾದರು.

ಈ ಸಲ ದೊಡ್ಡಪ್ಪನ ಮಾತು ಕೇಳಿದೆ. ಒಂದು ಗಂಟೆ ದೂರದಲ್ಲಿ ಲೋಟಸ್ ಚೆನ್ನಾಗಿ ಬಲ್ಲ ಮೆಕ್ಯಾನಿಕ್ ಒಬ್ಬರು ಸಿಕ್ಕರು. ಕಾರಿಗೆ ಅಡ್ವಾನ್ಸ್ ಕೊಡುವ ಮುಂಚೆಯೇ ಅವರ ಹತ್ತಿರ ಎರಡು ಗಂಟೆ ಕೂತೆ. ಎಂಜಿನ್ ಬಗ್ಗೆ ಅವರು ಹೇಳಿದ್ದು ಇಷ್ಟೇ, ಕವರ್ ತೆಗೆದು ಕ್ಯಾಮ್ ಸವೆದಿದೆಯಾ ನೋಡಬೇಕು. ಅವರಿಗೆ ಚಿಂತೆ ಇದ್ದದ್ದು ಕಾರಿನ ಹೊರಮೈ ಬಗ್ಗೆ. ಕಾರಿನ ಮುಂಭಾಗ ಪೂರ್ತಿ ಒಂದೇ ಫೈಬರ್‌ಗ್ಲಾಸ್ ತುಂಡು. ಪಾರ್ಕಿಂಗ್‌ನಲ್ಲಿ ಯಾರಾದರೂ ಮೆಲ್ಲಗೆ ತಾಗಿಸಿದರೂ ಖರ್ಚು ಎಲ್ಲಿಗೋ ಹೋಗುತ್ತದೆ. ಎಷ್ಟೋ ಸಲ ಇನ್ಶೂರೆನ್ಸ್‌ನವರು ಕಾರನ್ನೇ ಗುಜರಿ ಅಂತ ಬರೆದುಬಿಡುತ್ತಾರೆ. ಆಮೇಲೆ ಅದೇ ಕಾರು ಬಣ್ಣ ಬಳಿಸಿಕೊಂಡು ಮಾರಾಟಕ್ಕೆ ಬರುತ್ತದೆ. ಅದಕ್ಕೇ ಅವರು ಟಾರ್ಚ್ ಹಿಡಿದು ಚಕ್ರದ ಒಳಗೆಲ್ಲ ಬಿರುಕು ಹುಡುಕಿದರು. ತಪಾಸಣೆಗೆ ಕೊಟ್ಟ ದುಡ್ಡು ಒಂದು ಡಾಲರೂ ದಂಡವಲ್ಲ.

ತಗೊಂಡೆ. ಮಾರ್ಚ್ ತಿಂಗಳಲ್ಲಿ ರೇಡಿಯೇಟರ್ ಒಸರತೊಡಗಿತು. ಇದರಲ್ಲಿ ಅದು ಮಾಮೂಲು, ಪಕ್ಕದ ಡಬ್ಬಿಗಳು ಪ್ಲಾಸ್ಟಿಕ್. ಅದನ್ನು ಬದಲಿಸಲು ಮುಂಭಾಗವನ್ನೇ ಕಳಚಬೇಕು, ಹಾಗಾಗಿ ಸಾಮಾನಿಗಿಂತ ಕೂಲಿಯೇ ಜಾಸ್ತಿ. ಎತ್ತಿಟ್ಟ 15 ಸಾವಿರಕ್ಕೆ ಮೊದಲ ಸಲ ಕೈ ಹಾಕಿದೆ. ಹೆಂಡತಿ ಏನೂ ಹೇಳಲಿಲ್ಲ, ಸುಮ್ನೆ ನೋಡಿದಳು.

ಗ್ಯಾರೇಜಿನಿಂದಲೇ ದೊಡ್ಡಪ್ಪನಿಗೆ ವಿಡಿಯೋ ಕಾಲ್ ಮಾಡಿದೆ. ಮೂತಿ ಇಲ್ಲದ ಕಾರನ್ನು ಅವರು ತುಂಬಾ ಹೊತ್ತು ನೋಡಿದರು.

"ಎಂಜಿನ್ ಎಲ್ಲೋ?"

"ಹಿಂದೆ ಇದೆ ದೊಡ್ಡಪ್ಪ."

"ಮತ್ತೆ ಲಗೇಜ್ ಎಲ್ಲಿಡ್ತೀಯ?"

ಎಂಜಿನ್ನಿನ ಬೆನ್ನಿಗೆ ಒಂದು ಗೂಡಿದೆ, ಅಲ್ಲಿಟ್ಟ ಸೊಪ್ಪು ಮನೆಗೆ ಬರುವಷ್ಟರಲ್ಲಿ ಅರ್ಧ ಬೆಂದಿರುತ್ತೆ ಅಂದೆ. ಅವರು ನಗುತ್ತಾ ಫೋನನ್ನು ದೊಡ್ಡಮ್ಮನ ಕೈಗೆ ಕೊಟ್ಟರು.