ವರ್ಡ್‌ಪ್ರೆಸ್ ರಿವಿಷನ್: ಏನು ಉಳಿಯುತ್ತದೆ, ಏನು ಉಳಿಯುವುದಿಲ್ಲ

ಬ್ಲಾಗು, ಜಾಲತಾಣ ನಡೆಸುವ ತಂತ್ರಾಂಶವಾದ ವರ್ಡ್‌ಪ್ರೆಸ್‌ನಲ್ಲಿ ಬರಹದ ಹಳೆಯ ಪ್ರತಿಗಳೆಲ್ಲ ತಾವಾಗಿಯೇ ಉಳಿದಿರುತ್ತವೆ ಅನ್ನುವುದು ಅರ್ಧ ನಿಜ. ಸುಮಾರು 60 ಸೆಕೆಂಡಿಗೊಮ್ಮೆ ತಾನಾಗಿ ನಡೆಯುವ ಆಟೋಸೇವ್ ಬೇರೆ, ಬರಹದ ಹಿಂದಿನ ರೂಪವಾಗಿ ಉಳಿಯುವ ರಿವಿಷನ್ ಬೇರೆ. ನಿಮ್ಮದೇ ಡ್ರಾಫ್ಟ್ ತಿದ್ದುತ್ತಿದ್ದರೆ ಆಟೋಸೇವ್ ಆ ಡ್ರಾಫ್ಟಿನ ಮೇಲೆಯೇ ಬರೆಯುತ್ತದೆ, ರಿವಿಷನ್ ಹುಟ್ಟುವುದಿಲ್ಲ. ಪ್ರಕಟವಾದ ಬರಹಕ್ಕೆ ಪ್ರತ್ಯೇಕ ಪ್ರತಿ ಇಡುತ್ತದೆ, ಅದೂ ಒಬ್ಬ ಬಳಕೆದಾರರಿಗೆ ಒಂದೇ. ಹೊಸ ಆಟೋಸೇವ್ ಬಂದರೆ ಹಳೆಯದು ಹೋಯಿತು. ಆದ್ದರಿಂದ ಡ್ರಾಫ್ಟಿನಲ್ಲಿ ಪ್ಯಾರಾಗಳಿಗೆ ಕತ್ತರಿ ಹಾಕುವ ಮೊದಲೊಮ್ಮೆ, ಹಾಕಿದ ಮೇಲೊಮ್ಮೆ ಕಂಟ್ರೋಲ್-ಎಸ್ ಒತ್ತಿ. ನೀವಾಗಿ ಸೇವ್ ಮಾಡಿದಾಗ, ಅದೂ ಪಠ್ಯ ಬದಲಾಗಿದ್ದರೆ, ಮಾತ್ರ ರಿವಿಷನ್ ಸೇರುತ್ತದೆ.

ರಿವಿಷನ್‌ನಲ್ಲಿ ಇರುವುದು ಮುಖ್ಯವಾಗಿ ಮೂರೇ: ಶೀರ್ಷಿಕೆ, ಪಠ್ಯ, ಸಾರಾಂಶ. ಟ್ಯಾಗ್, ವಿಭಾಗ, ಬರಹದ ಕೊಂಡಿ (ಯುಆರ್‌ಎಲ್) ಯಾವುದೂ ಅದರೊಂದಿಗೆ ಹಿಂದಕ್ಕೆ ಬರುವುದಿಲ್ಲ. ಚಿತ್ರದ ವಿಳಾಸ ಉಳಿಯುತ್ತದೆ, ಚಿತ್ರವಲ್ಲ. ಮೀಡಿಯಾ ಲೈಬ್ರರಿಯಿಂದ ಫೋಟೊ ಅಳಿಸಿದ್ದರೆ ಹಳೆಯ ಪ್ರತಿಯಲ್ಲಿ ಆ ಜಾಗ ಮುರಿದೇ ಕಾಣುತ್ತದೆ.

ಹೆಚ್ಚು ಜನ ಎಡವುವುದು ಹಳೆಯ ಪ್ರತಿಯನ್ನು ಮರಳಿ ತರುವ ರಿಸ್ಟೋರ್ ಗುಂಡಿಯಲ್ಲಿ. ಎರಡು ಪ್ರತಿಗಳನ್ನು ಅಕ್ಕಪಕ್ಕ ತೋರಿಸುವ ಹೋಲಿಕೆಯ ಪರದೆಯಲ್ಲಿ ಅದನ್ನು ಒತ್ತಿದರೆ, ಬರಹ ಪ್ರಕಟವಾಗಿದ್ದ ಪಕ್ಷದಲ್ಲಿ ಹಳೆಯ ಪಠ್ಯ ಆ ಕ್ಷಣವೇ ಓದುಗರ ಮುಂದೆ ಬರುತ್ತದೆ. ಈಚಿನ ಪ್ರತಿಗಳೇನೂ ಅಳಿಯುವುದಿಲ್ಲ, ರಿಸ್ಟೋರ್ ಮಾಡಿದ್ದೂ ಹೊಸ ರಿವಿಷನ್ ಆಗಿ ಸಾಲಿಗೆ ಸೇರುತ್ತದೆ. ಆದರೆ ಆಮೇಲೆ ಸರಿಪಡಿಸಿದ ಹತ್ತು ಅಕ್ಷರದೋಷಗಳು ಮತ್ತೆ ಮೇಲೆದ್ದಿರುತ್ತವೆ. ಒಂದು ಪ್ಯಾರಾ ಮಾತ್ರ ಬೇಕಿದ್ದರೆ ಹೋಲಿಕೆಯ ಪರದೆಯಿಂದ ಅದನ್ನಷ್ಟೇ ನಕಲಿಸಿ ತಂದು ಅಂಟಿಸುವುದು ವಾಸಿ.

ಅದೇ ಪರದೆಯಲ್ಲಿ ಕನ್ನಡಕ್ಕೊಂದು ತೊಡಕಿದೆ. ವ್ಯತ್ಯಾಸವಿದೆಯೆಂದು ಎಡಗಡೆ ಕೆಂಪು, ಬಲಗಡೆ ಹಸಿರು. ಸಾಲು ಮಾತ್ರ ಕಣ್ಣಿಗೆ ಥೇಟ್ ಒಂದೇ. ಕಾರಣ ಯೂನಿಕೋಡ್, ಅಂದರೆ ಕಂಪ್ಯೂಟರಿನಲ್ಲಿ ಅಕ್ಷರಗಳಿಗೆ ಸಂಕೇತ ಕೊಡುವ ಮಾನದಂಡ. 'ಕೊ' ಎಂಬಲ್ಲಿನ ಒ-ಕಾರವನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು, ಎ-ಕಾರ ಮತ್ತು ಊ-ಕಾರದ ಚಿಹ್ನೆಗಳನ್ನು ಜೋಡಿಸಿ ಎರಡು ಸಂಕೇತವಾಗಿಯೂ ಬರೆಯಬಹುದು. 'ಕೀ', 'ಕೇ', 'ಕೈ', 'ಕೋ'ಗಳಿಗೂ ಇದೇ ಕಥೆ. ಒಂದು ಕಡೆ ನೇರವಾಗಿ ಟೈಪ್ ಮಾಡಿದ್ದು, ಇನ್ನೊಂದು ಕಡೆ ಬೇರೆ ತಂತ್ರಾಂಶದಿಂದ ಅಂಟಿಸಿದ್ದು ಆದರೆ ಹೀಗಾಗಬಹುದು. ಅಕ್ಷರಗಳು ಒತ್ತಾಗಿ ಕೂಡದಂತೆ ತಡೆಯುವ, ಕಣ್ಣಿಗೆ ಕಾಣದ ಜೋಡಣೆ-ತಡೆ ಅಕ್ಷರವೂ (ZWNJ) ಹೀಗೆಯೇ ಕಾಡುತ್ತದೆ, ಆದರೆ ಅದು ಬಿದ್ದುಹೋದರೆ 'ಸಾಫ್ಟ್‌ವೇರ್' ಹೋಗಿ 'ಸಾಫ್ಟ್ವೇರ್' ಆಗುವುದರಿಂದ ಕಣ್ಣಿಗೆ ಬೀಳುತ್ತದೆ. ಪಠ್ಯವನ್ನು ಎನ್‌ಎಫ್‌ಸಿ ರೂಪಕ್ಕೆ (ಇಂಥ ಜೋಡಿ ಸಂಕೇತಗಳನ್ನು ಒಂದಾಗಿಸುವ ಯೂನಿಕೋಡ್ ರೂಪ) ತಂದು ಆಮೇಲೆ ಅಂಟಿಸಿದರೆ ಒ-ಕಾರದಂಥ ಸುಳ್ಳು ವ್ಯತ್ಯಾಸಗಳು ತಪ್ಪುತ್ತವೆ.

ಇನ್ನು ಎಷ್ಟು ಪ್ರತಿ ಇಡಬೇಕು? ಪೂರ್ವನಿಯೋಜಿತವಾಗಿ ಮಿತಿಯಿಲ್ಲ. ಪ್ರತಿ ರಿವಿಷನ್ ಪೂರ್ತಿ ಬರಹದ ನಕಲು, ಬದಲಾದ ಭಾಗದ್ದು ಮಾತ್ರವಲ್ಲ. ಕನ್ನಡದ ಒಂದೊಂದು ಸಂಕೇತಕ್ಕೆ 3 ಬೈಟ್. 1,000 ಪದದ ಬರಹ ಹತ್ತಿರಹತ್ತಿರ 25 ಕಿಲೋಬೈಟ್ ಆದೀತು. ಅಂಥ 40 ಪ್ರತಿ ಇಟ್ಟರೂ 1 ಮೆಗಾಬೈಟ್! ಓದುಗರು ಪುಟ ತೆರೆದಾಗ ಈ ಪ್ರತಿಗಳನ್ನು ಎತ್ತುವುದೂ ಇಲ್ಲ. ಸೈಟ್ ನಿಧಾನವಾಯಿತೆಂದು ರಿವಿಷನ್ನನ್ನೇ ನಿಲ್ಲಿಸಿಬಿಡುವ ಸಲಹೆ ನನಗಂತೂ ಒಪ್ಪಿಗೆಯಿಲ್ಲ. 20ಕ್ಕೆ ಮಿತಿ ಹಾಕಿದರೆ ಸಾಕು.

ಅದಕ್ಕೆ ವರ್ಡ್‌ಪ್ರೆಸ್‌ನ ಮೂಲ ಹೊಂದಿಕೆಗಳಿರುವ ಡಬ್ಲ್ಯುಪಿ-ಕಾನ್ಫಿಗ್ ಕಡತದಲ್ಲಿ 'ಡಬ್ಲ್ಯುಪಿ ಪೋಸ್ಟ್ ರಿವಿಷನ್ಸ್' ಎಂಬ ಸ್ಥಿರಾಂಕಕ್ಕೆ ಆ ಸಂಖ್ಯೆ ಕೊಡಬೇಕು. ಹೆಸರು ಪೂರ್ತಿ ದೊಡ್ಡಕ್ಷರ, ಪದಗಳ ನಡುವೆ ಅಂಡರ್‌ಸ್ಕೋರ್. ಸೆಟ್ಟಿಂಗ್ಸ್ ಕಡತವನ್ನು ಕರೆಯುವ ಕೊನೆಯ ಸಾಲಿಗಿಂತ ಮೇಲೆ ಇದು ಇರಲೇಬೇಕು. ಕೆಳಗೆ ಹಾಕಿದರೆ ಅಷ್ಟರಲ್ಲಿ 'ಮಿತಿಯಿಲ್ಲ' ಎಂಬ ಬೆಲೆ ಕೂತುಬಿಟ್ಟಿರುತ್ತದೆ, ನಿಮ್ಮ ಸಾಲು ಲೆಕ್ಕಕ್ಕಿಲ್ಲ. ಮಿತಿ ಹಾಕಿದ ಕೂಡಲೇ ಹಳೆಯ ಪ್ರತಿಗಳು ಮಾಯವಾಗುವುದಿಲ್ಲ. ಆಯಾ ಬರಹವನ್ನು ಮುಂದೆ ತಿದ್ದಿ ಸೇವ್ ಮಾಡಿದಾಗ ಹೆಚ್ಚಿನವು ಉದುರುತ್ತವೆ.

ಹೋಸ್ಟಿಂಗ್ ಬದಲಿಸುವವರು ಗಮನಿಸಿ: ಟೂಲ್ಸ್ ಮೆನುವಿನ ಎಕ್ಸ್‌ಪೋರ್ಟ್ ಕಡತದಲ್ಲಿ ರಿವಿಷನ್‌ಗಳು ಇರುವುದಿಲ್ಲ. ಅವೂ ಬೇಕಿದ್ದರೆ ಡೇಟಾಬೇಸ್‌ನ ಪೂರ್ತಿ ಬ್ಯಾಕಪ್ಪನ್ನೇ ಒಯ್ಯಬೇಕು.