ನಾಲ್ಕನೇ ಜ್ವರದ ಸ್ಲೈಡು

ಸ್ಟೋರಿಲೈನ್ ಎಂಬ ಸಾಫ್ಟ್‌ವೇರಿನಲ್ಲಿ ಆನ್‌ಲೈನ್ ಕೋರ್ಸ್ ಕಟ್ಟುವುದು ನನ್ನ ಹೊಟ್ಟೆಪಾಡು. ಬ್ಯಾಂಕಿನವರಿಗೆ, ಔಷಧ ಕಂಪನಿಯವರಿಗೆ ಬೇಕಾದಷ್ಟು ಮಾಡಿಕೊಟ್ಟಿದ್ದೇನೆ. ಅವರೆಲ್ಲ ಓದದೆ 'ನೆಕ್ಸ್ಟ್' ಒತ್ತಿ ಒತ್ತಿ ಮುಗಿಸುತ್ತಾರೆಂಬುದೂ ಗೊತ್ತು. ಈ ಸಲ ಬಂದದ್ದು ರೇಷ್ಮೆ ಸಾಕಣೆಯ ಪಾಠ, ಅದೂ ಕನ್ನಡದಲ್ಲಿ. ಶಿಡ್ಲಘಟ್ಟದ ಪಕ್ಕದ ನಮ್ಮೂರಿನಲ್ಲಿ ಅಮ್ಮ ನಾನು ಹುಟ್ಟುವ ಮೊದಲಿಂದ ಹುಳು ಮೇಯಿಸುತ್ತಿದ್ದಾಳೆ. ಅವಳ ಕೈಲಿ ಒಮ್ಮೆ ಹೌದೆನಿಸಿಕೊಂಡು ಸೋಮವಾರ ಕಳಿಸಿಬಿಡೋಣ ಅಂತ ಶನಿವಾರ ಊರಿಗೆ ಹೋದೆ.

ನನಗೆ ಹೆಮ್ಮೆಯಿದ್ದದ್ದು 32ನೇ ಸ್ಲೈಡಿನ ಮೇಲೆ. ಹುಳು ಮೇವು ಬಿಟ್ಟು ಪೊರೆ ಕಳಚುವ ಹೊತ್ತಿಗೆ ನಮ್ಮ ಕಡೆ ಜ್ವರ ಅನ್ನುತ್ತಾರೆ. ಸ್ಕ್ರಿಪ್ಟಿನಲ್ಲಿ 'ಪೊರೆ ಕಳಚುವಿಕೆ' ಎಂದಿದ್ದದ್ದನ್ನು 'ಜ್ವರ' ಎಂದು ತಿದ್ದಿ, ಅಷ್ಟಕ್ಕೇ ಊರಿನ ಮಗಳೆಂದು ಬೀಗಿದ್ದೆ. 'ಹುಳು ನಾಲ್ಕನೇ ಜ್ವರಕ್ಕೆ ಕೂತಿದೆ. ಏನು ಹಾಕುತ್ತೀರಿ?' ಕೆಳಗೆ ಒಂದು ಕಡೆ ಸೊಪ್ಪು, ಇನ್ನೊಂದು ಕಡೆ ಸುಣ್ಣದ ಪುಡಿ. ಸುಣ್ಣ ಎಳೆದು ಹುಳುವಿನ ಮೇಲೆ ಬಿಟ್ಟರೆ ಹಸಿರು ಗುರುತು, ಚಪ್ಪಾಳೆ. ಸೊಪ್ಪು ಬಿಟ್ಟರೆ ಕೆಂಪು ಲೇಯರ್ ತೆರೆದು, ಸೊಪ್ಪು ಹೊರಟ ಜಾಗಕ್ಕೇ ಹಾರಿ ಹೋಗುತ್ತದೆ.

ಅಮ್ಮ ಸೆರಗಿಗೆ ಬೆರಳು ಒರೆಸಿಕೊಂಡು ಫೋನಿನಲ್ಲಿ ಸೊಪ್ಪು ಎಳೆದಳು. ತಪ್ಪು. ಮತ್ತೆ ಸೊಪ್ಪನ್ನೇ ಎಳೆದಳು.

"ಏನೇ ಇದು, ಹಾಕಿದ ಸೊಪ್ಪು ವಾಪಸ್ ಓಡ್ತದೆ?"

"ಮೇಲೆ ಬರ್ದಿರೋದು ಓದಮ್ಮ. ಜ್ವರದಾಗೆ ಸೊಪ್ಪು ಹಾಕ್ತಾರಾ?"

"ಬರ್ದಿರೋದು ಬಿಡು, ಹುಳ ನೋಡು. ತಲೆ ಬಗ್ಗಿಸ್ಕೊಂಡು ತಿಂತಾ ಐತೆ. ಕೂತಿರೋ ಹುಳ ಹಿಂಗಿರ್ತದಾ?"

ನೋಡಿದೆ. ದುಡ್ಡು ಕೊಟ್ಟು ತಂದ ಫೋಟೊ. ಬೆಳ್ಳಗಿನ ಹುಳುಗಳು ಎಲೆಯ ಅಂಚಿಗೆ ಬಾಯಿ ಹಚ್ಚಿ ಕತ್ತರಿಸುತ್ತಿವೆ. ಜ್ವರಕ್ಕೆ ಕೂತ ಹುಳು ತಲೆ ಎತ್ತಿಕೊಂಡು ಅಲ್ಲಾಡದೆ ಇರುತ್ತದೆ. ಲಂಗ ಹಾಕುವ ವಯಸ್ಸಿನಿಂದ ಕಂಡದ್ದು. ಟ್ರಿಗರ್, ವೇರಿಯಬಲ್ ಅಂತ ಎರಡು ದಿನ ಆ ಸ್ಲೈಡಿಗೇ ಅಂಟಿಕೊಂಡಿದ್ದವಳಿಗೆ ಹುಳು ಮಾತ್ರ ಕಂಡಿರಲಿಲ್ಲ. ನನ್ನ ಪಾಠ ಕಲಿತವನು ತಿನ್ನುತ್ತಿರುವ ಹುಳುವಿನ ಮೇಲೆ ಸುಣ್ಣ ಚೆಲ್ಲಿದರೆ ಹಿಂದುಳಿದ ಹುಳು ಹಸಿದು, ಬೆಳೆ ಏರುಪೇರಾಗುತ್ತದೆ. ಇಡೀ ಬೆಳೆಯ ಸೊಪ್ಪಿನಲ್ಲಿ ಶೇ 80ಕ್ಕೂ ಹೆಚ್ಚು ಖರ್ಚಾಗುವುದು ಈ ಜ್ವರ ಎದ್ದ ಮೇಲೆಯೇ. ಒಂದು ಹುಳು ಇವತ್ತು ಹಣ್ಣಾಗಿ ಗೂಡು ಕಟ್ಟಲು ತಯಾರಾಗಿ, ಇನ್ನೊಂದು ನಾಡಿದ್ದು ಹಣ್ಣಾದರೆ, ಅವನ್ನು ಗೂಡು ಕಟ್ಟುವ ತಟ್ಟೆಗೆ, ಅಂದರೆ ಚಂದ್ರಿಕೆಗೆ, ಬಿಡುವವರ ಪಾಡು ಕೇಳಬೇಡಿ.

ಅಷ್ಟರಲ್ಲಿ ಹಸು ಕೂಗಿತು. ಹಾಲು ಕರೆದು ಬಂದು ತೆರೆದರೆ ಕೋರ್ಸು ಮೊದಲ ಸ್ಲೈಡಿಗೆ ಬಂದು ನಿಂತಿತ್ತು. "ಮತ್ತೆ ಮೊದಲಿಂದಾನಾ?" ಎಂದು ಅಮ್ಮ ಫೋನನ್ನು ನನ್ನ ಮಡಿಲಿಗೆ ಹಾಕಿದಳು. ಈ ರೋಗ ನನಗೆ ಗೊತ್ತಿದ್ದದ್ದೇ. ಗಿರಾಕಿಯ ಎಲ್‌ಎಂಎಸ್, ಅಂದರೆ ಕೋರ್ಸು ಓಡಿಸಿ ಲೆಕ್ಕ ಇಡುವ ವ್ಯವಸ್ಥೆ, ನಡೆಯುವುದು ಸ್ಕಾರ್ಮ್ 1.2 ಎಂಬ ಹಳೆಯ ಮಾನದಂಡದ ಮೇಲೆ. ಕಲಿಯುವವರು ಎಲ್ಲಿಗೆ ನಿಲ್ಲಿಸಿದರು, ಏನೇನು ಒತ್ತಿದರು ಎಂದು ಬರೆದಿಡಲು ಅದರಲ್ಲಿ ಇರುವುದು 4,096 ಅಕ್ಷರಗಳ ಜಾಗ. ನಾನೋ ಎಲ್ಲ ಸ್ಲೈಡೂ ತನ್ನ ಸ್ಥಿತಿ ನೆನಪಿಡಲಿ ಎಂದು ಬಿಟ್ಟಿದ್ದೆ. ಜಾಗ ತುಂಬಿ ನೆನಪು ಹೋಗಿತ್ತು. ಬರೀ ಓದಿಸುವ ಸ್ಲೈಡುಗಳನ್ನೆಲ್ಲ ಪ್ರತಿಸಲ ಹೊಸದಾಗಿ ತೆರೆಯುವಂತೆ ಬದಲಾಯಿಸಿದೆ, ಸರಿಹೋಯಿತು.

ಫೋಟೊ ಅಷ್ಟು ಸುಲಭಕ್ಕೆ ಸಿಗಲಿಲ್ಲ. ಚಿಕ್ಕಮ್ಮನ ಮನೆಯ ಹುಳು ಅಂದು ರಾತ್ರಿ ನಾಲ್ಕನೇ ಜ್ವರಕ್ಕೆ ಕೂರುವುದರಲ್ಲಿತ್ತು. ಸಂಜೆ ಒಮ್ಮೆ, ಬೆಳಗಿನ ಜಾವ ಒಮ್ಮೆ, ಬಾಗಿಲಲ್ಲಿ ಚಪ್ಪಲಿ ಬಿಟ್ಟು ಬ್ಲೀಚಿಂಗ್ ಪೌಡರ್ ತುಳಿದು ಒಳಗೆ ಹೋದೆ. ಸಂಜೆ ಹುಳು ಮನೆಯ ತುಂಬ ಮಳೆ ಹನಿಯುವಂಥ ಸದ್ದು. ಜಾವಕ್ಕೆ ಸದ್ದೇ ಇಲ್ಲ. ರ‍್ಯಾಕಿನ ಉದ್ದಕ್ಕೂ ಎತ್ತಿದ ತಲೆಗಳು.

ಭಾನುವಾರ ಪ್ರಶ್ನೆಯ ಸಾಲನ್ನೇ ಅಳಿಸಿ, ಎರಡು ಫೋಟೊ ಅಕ್ಕಪಕ್ಕ ಇಟ್ಟೆ. ಯಾವುದಕ್ಕೆ ಸೊಪ್ಪು, ಯಾವುದಕ್ಕೆ ಸುಣ್ಣ ಎಂದು ನೋಡಿಯೇ ಹೇಳಬೇಕು. ಅಮ್ಮ ಎರಡನ್ನೂ ಒಂದೇ ಏಟಿಗೆ ಸರಿಯಾಗಿ ಬಿಟ್ಟಳು. ಚಪ್ಪಾಳೆ ಮೊಳಗಿತು.

"ಆ ಸದ್ದು ತೆಗಿಯೇ, ಹುಳ ಕೂತೈತೆ."