ನನ್ನ ಒಂದು ಫೋನ್ ಕಾಲ್ ಉಳಿಸಿದ್ದು ಬರೀ 3 ನಿಮಿಷ

ನಾನು ಮಾಡುವುದು ಟ್ರಿಪ್ ಹಾಕುವ ಕೆಲಸ. ಮೆಷಿನ್‌ಗಳ ಬಿಡಿಭಾಗಗಳನ್ನು ನಮ್ಮ ಗೋದಾಮಿನಿಂದ ಪಕ್ಕದ ನಗರದ ಕಾರ್ಖಾನೆಗಳಿಗೆ ತಲುಪಿಸಬೇಕು. ಯಾವ ಗಾಡಿ, ಯಾರು ಓಡಿಸುತ್ತಾರೆ, ಎಷ್ಟು ಹೊತ್ತಿಗೆ ಬಿಡಬೇಕು, ಎಷ್ಟು ಹೊತ್ತಿಗೆ ಬರುತ್ತೇವೆ ಅಂತ ಪಾರ್ಟಿಗೆ ಏನು ಹೇಳಬೇಕು, ಇದೆಲ್ಲ ನನ್ನ ಜವಾಬ್ದಾರಿ. ದೂರ ಒಟ್ಟು 130 ಕಿ.ಮೀ. ಅದರಲ್ಲಿ 110 ಹೆದ್ದಾರಿ, ಮಿಕ್ಕಿದ್ದು ಆ ಕಡೆ ಈ ಕಡೆ ಊರೊಳಗಿನ ರಸ್ತೆ.

600 ಕಿ.ಮೀ. ಟ್ರಿಪ್ ಇದ್ದರೆ ಎಲ್ಲರೂ ಕೂತು ಲೆಕ್ಕ ಹಾಕುತ್ತಾರೆ. ಎಲ್ಲಿ ನಿಲ್ಲಬೇಕು, ಇನ್ನೊಬ್ಬ ಡ್ರೈವರ್ ಬೇಕಾ, ರಾತ್ರಿ ಎಲ್ಲಿ ಮಲಗಬೇಕು, ಎಲ್ಲ ಮೊದಲೇ ತೀರ್ಮಾನ ಆಗಿರುತ್ತದೆ. 130 ಕಿ.ಮೀ.ಗೆ ಯಾರೂ ಹಾಗೆ ಕೂರುವುದಿಲ್ಲ. 'ಇಲ್ಲೇ ಅಲ್ವಾ, ಎರಡು ಗಂಟೆ' ಅಂತ ಹೇಳಿ ಕೀ ಕೊಡುತ್ತಾರೆ. ನಾನೂ ಹಾಗೇ ಮಾಡುತ್ತಿದ್ದೆ. ಕೆಲಸಕ್ಕೆ ಸೇರಿ ಎರಡನೇ ತಿಂಗಳು ನಡೆದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಹಿಂದಿನ ರಾತ್ರಿ ಮನೆಯಲ್ಲಿ ಫೋನ್ ತೆಗೆದು ಮ್ಯಾಪ್ ನೋಡಿದೆ. 1 ಗಂಟೆ 50 ನಿಮಿಷ ಅಂತ ತೋರಿಸಿತು. ಬೆಳಿಗ್ಗೆ 7ಕ್ಕೆ ಬಿಟ್ಟರೆ 8:50ಕ್ಕೆ ತಲುಪುತ್ತದೆ, ಹತ್ತು ನಿಮಿಷ ಕೈಯಲ್ಲಿರಲಿ ಅಂತ ಪಾರ್ಟಿಗೆ 9 ಗಂಟೆ ಅಂದೆ. ಮ್ಯಾಪ್ ಸುಳ್ಳು ಹೇಳಿರಲಿಲ್ಲ. ನಾನು ನೋಡಿದ್ದು ರಾತ್ರಿ ಹತ್ತರ ಖಾಲಿ ರಸ್ತೆಯ ಸಮಯ, ಕಳಿಸಿದ್ದು ಬೆಳಿಗ್ಗೆ ಏಳರ ರಸ್ತೆಗೆ.

ಗಾಡಿ ನಮ್ಮ ಊರು ದಾಟಿ ಹೆದ್ದಾರಿ ಸೇರುವಷ್ಟರಲ್ಲೇ 7:38 ಆಗಿತ್ತು. 8:45ಕ್ಕೆ ನಾನು ಡ್ರೈವರ್‌ಗೆ ಫೋನ್ ಮಾಡಿದೆ. ವಯಸ್ಸಿನಲ್ಲಿ ನನಗಿಂತ ತುಂಬ ದೊಡ್ಡವರು, ನಾವೆಲ್ಲ ಅಣ್ಣ ಅಂತಲೇ ಕರೆಯುವುದು. 'ಎಲ್ಲಿದ್ದೀರಾ ಅಣ್ಣ?' ಅಂದೆ. 'ಹೆದ್ದಾರಿ ಇಳಿಯೋಕೆ ಇನ್ನೂ 20 ಕಿ.ಮೀ. ಇದೆ' ಅಂದರು. 'ಪಾರ್ಟಿ ಕಾಯ್ತಿದ್ದಾರೆ, ಸ್ವಲ್ಪ ಬೇಗ ಹೋಗಿ' ಅಂದೆ. ಅವರು 'ಸರಿ' ಅಂತಷ್ಟೇ ಹೇಳಿ ಇಟ್ಟರು.

ಬೇಗ ಹೋದರು. ಹೆದ್ದಾರಿ ಇಳಿಯುವ ತಿರುವು ಹತ್ತಿರ ಬಂದಾಗ ಬಲಗಡೆ ಲೇನ್‌ನಲ್ಲಿ ಓವರ್‌ಟೇಕ್ ಮಾಡುತ್ತಿದ್ದರು. ಎಡಕ್ಕೆ ಬರಲು ಜಾಗ ಸಿಗುವಷ್ಟರಲ್ಲಿ ತಿರುವು ಪಕ್ಕಕ್ಕೇ ಬಂದಿತ್ತು. ಜೋರಾಗಿ ಬ್ರೇಕ್ ಹೊಡೆದರು. ಹಿಂದೆ ಇದ್ದ ಗೇರ್‌ಬಾಕ್ಸ್ ಪೆಟ್ಟಿಗೆ ಜಾರಿ ಬಂದು ಡ್ರೈವರ್ ಸೀಟಿನ ಹಿಂದಿನ ತಗಡಿಗೆ ಬಡಿಯಿತು. ಯಾರಿಗೂ ಏನೂ ಆಗಲಿಲ್ಲ. ಹಿಂದಿನ ಕಾರಿನವನು ದೂರ ಬಿಟ್ಟುಕೊಂಡು ಬರುತ್ತಿದ್ದ, ಅದರಿಂದ ಉಳಿದರು. ಆಮೇಲೆ ಆ ಊರೊಳಗಿನ ಹತ್ತು ಕಿ.ಮೀ.ಗೆ 40 ನಿಮಿಷಕ್ಕಿಂತ ಜಾಸ್ತಿ ಹಿಡಿದು, ತಲುಪಿದ್ದು 9:40ಕ್ಕೆ.

ಸಂಜೆ ಗಾಡಿ ವಾಪಸ್ ಬಂದಾಗ ಅಣ್ಣ ಬೈಯಲಿಲ್ಲ. ಹಿಂದಿನ ಬಾಗಿಲು ತೆಗೆದು ನನ್ನನ್ನು ಕರೆದು ಆ ತಗಡು ತೋರಿಸಿದರು. ಅಂಗೈ ಅಗಲಕ್ಕೆ ಒಳಗೆ ಹೋಗಿತ್ತು. ಪೆಟ್ಟಿಗೆಯ ಮೂಲೆ ತಾಗಿದ ಕಡೆ ಬಣ್ಣ ಕಿತ್ತು ಬಂದು ಬಿಳಿ ಲೋಹ ಕಾಣುತ್ತಿತ್ತು. ಆ ತಗಡಿನ ಆ ಕಡೆ ಅವರ ಬೆನ್ನು.

ಅವತ್ತು ರಾತ್ರಿ ಕೂತು ಲೆಕ್ಕ ಹಾಕಿದೆ. ಸಣ್ಣ ಲೆಕ್ಕ. 20 ಕಿ.ಮೀ. ದೂರಕ್ಕೆ 80ರ ವೇಗದಲ್ಲಿ 15 ನಿಮಿಷ ಬೇಕು. 100ರಲ್ಲಿ 12. ನನ್ನ ಫೋನಿನಿಂದ ಉಳಿಯಬಹುದಾಗಿದ್ದು ಹೆಚ್ಚೆಂದರೆ 3 ನಿಮಿಷ! ಊರೊಳಗೆ ಬಂದ ಮೇಲೆ ಒಂದೇ ಸಿಗ್ನಲ್ ಅಷ್ಟನ್ನು ತಿಂದುಹಾಕುತ್ತದೆ. ಪೂರ್ತಿ 110 ಕಿ.ಮೀ. 100ರಲ್ಲೇ ಓಡಿಸಿದರೂ 80ಕ್ಕೆ ಹೋಲಿಸಿದರೆ ಉಳಿಯುವುದು 16-17 ನಿಮಿಷ, ಅದೂ ಎಲ್ಲೂ ನಿಧಾನ ಆಗದೆ ಒಂದೇ ವೇಗದಲ್ಲಿ ಹೋದರೆ, ಅದು ಯಾವ ರಸ್ತೆಯಲ್ಲೂ ಆಗುವ ಮಾತಲ್ಲ.

ಅದಕ್ಕೆ ಕೊಡುವ ಬೆಲೆ ಎಷ್ಟು ನೋಡಿ. 80ರಲ್ಲಿ ಗಾಡಿ ಒಂದು ಸೆಕೆಂಡಿಗೆ 22 ಮೀಟರ್ ಹೋಗುತ್ತದೆ, 100ರಲ್ಲಿ 28 ಮೀಟರ್. ಅಪಾಯ ಕಣ್ಣಿಗೆ ಬಿದ್ದು ಕಾಲು ಬ್ರೇಕ್ ಮೇಲೆ ಹೋಗುವಷ್ಟರಲ್ಲಿ ಒಂದು, ಒಂದೂವರೆ ಸೆಕೆಂಡ್ ಕಳೆದಿರುತ್ತದೆ. ಆಮೇಲೆ ಬ್ರೇಕ್ ಹಿಡಿಯುವ ದೂರ, ಅದು ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. ವೇಗ ಕಾಲು ಭಾಗ ಜಾಸ್ತಿ ಆದರೆ ಬ್ರೇಕ್ ದೂರ ಒಂದೂವರೆ ಪಟ್ಟು ದಾಟುತ್ತದೆ. ಒಣ ರಸ್ತೆ, ಒಳ್ಳೆ ಟೈರ್ ಇದ್ದರೂ 80ರಲ್ಲಿ ಪೂರ್ತಿ ನಿಲ್ಲಲು ಸುಮಾರು 70 ಮೀಟರ್ ಬೇಕು, 100ರಲ್ಲಿ ಸುಮಾರು 100 ಮೀಟರ್. ಮಳೆ ಬಂದಿದ್ದರೆ ಇನ್ನೂ ಜಾಸ್ತಿ. 3 ನಿಮಿಷಕ್ಕೋಸ್ಕರ ನಾನು ಅಣ್ಣನ ಕೈಯಿಂದ ಕಿತ್ತುಕೊಂಡಿದ್ದು ಆ 30 ಮೀಟರ್.

ಮುಂದಿನ ವಾರ ಮ್ಯಾನೇಜರ್ ಹತ್ತಿರ ಕೇಳಿಕೊಂಡು ಮೂರು ದಿನ ಗಾಡಿಯಲ್ಲೇ ಹೋದೆ. ಡ್ರೈವರ್ ಪಕ್ಕ ಕೂತು ಒಂದು ನೋಟ್‌ಬುಕ್‌ನಲ್ಲಿ ಆರು ಕಾಲಂ ಹಾಕಿಕೊಂಡೆ. ನಮ್ಮ ಗೇಟ್ ಬಿಟ್ಟಿದ್ದು, ನಮ್ಮ ಊರಿನ ಕೊನೆ ಸಿಗ್ನಲ್, ಹೆದ್ದಾರಿ ಸೇರಿದ್ದು, ಹೆದ್ದಾರಿ ಇಳಿದಿದ್ದು, ಆ ಊರಿನ ಮೊದಲ ಸಿಗ್ನಲ್, ಪಾರ್ಟಿ ಗೇಟ್. ಮೂರು ದಿನವೂ ಹೆದ್ದಾರಿಯ ಭಾಗ ಹೆಚ್ಚು ಕಡಿಮೆ ಒಂದೇ, 82ರಿಂದ 86 ನಿಮಿಷ. ಎರಡು ತುದಿಗಳು ಮಾತ್ರ ಒಂದು ದಿನ ಇದ್ದಂತೆ ಇನ್ನೊಂದು ದಿನ ಇಲ್ಲ. ಎರಡೂ ಸೇರಿ ಒಂದು ದಿನ 35 ನಿಮಿಷ, ಇನ್ನೊಂದು ದಿನ 80. ನಾವೆಲ್ಲ ವೇಗದ ಬಗ್ಗೆ ತಲೆ ಕೆಡಿಸಿಕೊಳ್ಳುವುದು ನಡುವಿನ 110 ಕಿ.ಮೀ.ಯಲ್ಲಿ, ಸಮಯ ಹೋಗುವುದು ತುದಿಯ 20 ಕಿ.ಮೀ.ಯಲ್ಲಿ.

ಅವತ್ತಿನಿಂದ ನಾನು ಲೆಕ್ಕವನ್ನು ಹಿಂದಿನಿಂದ ಹಾಕುತ್ತೇನೆ. ಪಾರ್ಟಿ ಗೇಟ್‌ಗೆ ಎಷ್ಟು ಹೊತ್ತಿಗೆ ಇರಬೇಕು, ಹಾಗಾದರೆ ಆ ಊರಿನ ಮೊದಲ ಸಿಗ್ನಲ್ ಎಷ್ಟು ಹೊತ್ತಿಗೆ ದಾಟಬೇಕು, ಆ ಹೊತ್ತಿಗೆ ಅಲ್ಲಿ ಸ್ಕೂಲ್ ಬಸ್ಸುಗಳು, ಶಿಫ್ಟ್ ಬದಲಾಗುವ ಜನ ಇರುತ್ತಾರಾ, ಹಾಗೆ ಒಂದೊಂದೇ ಮೆಟ್ಟಿಲು ಹಿಂದೆ ಬಂದು ನಮ್ಮ ಗೇಟ್ ಬಿಡುವ ಸಮಯ ತೆಗೆಯುತ್ತೇನೆ. ಕೆಲವು ಸಲ ಅರ್ಧ ಗಂಟೆ ಬೇಗ ಬಿಟ್ಟರೆ ಮುಕ್ಕಾಲು ಗಂಟೆ ಉಳಿಯುತ್ತದೆ, ಎರಡೂ ಊರಿನ ಗಲಾಟೆ ಶುರುವಾಗುವ ಮುಂಚೆ ದಾಟಿಬಿಡಬಹುದು. ಮ್ಯಾಪ್‌ನಲ್ಲಿ ಹೊರಡುವ ದಿನ, ಸಮಯ ಹಾಕಿ ನೋಡುವ ಸೌಲಭ್ಯ ಇದೆ, ಅದನ್ನು ಬಳಸಿ. ಸುಮ್ನೆ ಈಗಿನ ಸಮಯಕ್ಕೆ ನೋಡಬೇಡಿ. ಪಾರ್ಟಿಗೂ ಈಗ ಒಂದೇ ಸಮಯ ಹೇಳುವುದಿಲ್ಲ. '9ರಿಂದ 9:30ರ ಒಳಗೆ' ಅಂತೇನೆ. ಮೊದಮೊದಲು ಒಬ್ಬಿಬ್ಬರು ಗೊಣಗಿದರು, ಗಾಡಿ ಹೇಳಿದ ಹೊತ್ತಿನೊಳಗೆ ಬರುವುದು ನೋಡಿ ಸುಮ್ಮನಾದರು.

ಎರಡನೇ ಬದಲಾವಣೆ ನಿಲ್ಲುವ ಜಾಗದ್ದು. ಮೊದಲು ಡ್ರೈವರ್‌ಗಳು ಸರಿಯಾಗಿ ಅರ್ಧ ದಾರಿಯಲ್ಲಿ ನಿಲ್ಲಿಸುತ್ತಿದ್ದರು, ಇಲ್ಲಾ ನಿಲ್ಲಿಸುತ್ತಲೇ ಇರಲಿಲ್ಲ. ಪಕ್ಕ ಕೂತು ನೋಡಿದ ಮೇಲೆ ನನಗೆ ಅನಿಸಿದ್ದು, ನಿಲ್ಲಬೇಕಾದ್ದು ಅರ್ಧದಲ್ಲಲ್ಲ, ಹೆದ್ದಾರಿ ಇಳಿಯುವ 15-20 ಕಿ.ಮೀ. ಮುಂಚೆ. ಯಾಕೆಂದರೆ ಕಷ್ಟದ ಭಾಗ ಕೊನೆಯಲ್ಲಿದೆ. ಒಂದೂಕಾಲು ಗಂಟೆ ಒಂದೇ ವೇಗದಲ್ಲಿ, ಒಂದೇ ಥರದ ರಸ್ತೆ ನೋಡಿದ ಕಣ್ಣಿಗೆ 40 ಅನ್ನುವುದು ತೀರಾ ನಿಧಾನ ಅನಿಸುತ್ತದೆ, ಅದೇ ಕಣ್ಣಿಟ್ಟುಕೊಂಡು ಜನ, ಬೈಕು, ಸಿಗ್ನಲ್ ಇರುವ ಕಡೆ ನುಗ್ಗಬಾರದು. ಹತ್ತು ನಿಮಿಷ ಇಳಿದು ನಡೆದಾಡಿ, ಯಾವ ತಿರುವು ಅಂತ ಮ್ಯಾಪ್ ಇನ್ನೊಂದು ಸಲ ನೋಡಿಕೊಂಡು, ನನಗೆ ಒಂದು ಮೆಸೇಜ್ ಹಾಕಿ ಹೊರಡುತ್ತಾರೆ. ಓಡುವ ಗಾಡಿಗೆ ನಾನು ಫೋನ್ ಮಾಡುವುದು ಬಿಟ್ಟಿದ್ದೇನೆ. ಪಾರ್ಟಿ ಎಷ್ಟು ಒತ್ತಾಯ ಮಾಡಿದರೂ ಮಾಡುವುದಿಲ್ಲ. ತಿರುವು ತಪ್ಪಿದರೆ ಮುಂದಿನದಕ್ಕೆ ಹೋಗಿ ತಿರುಗಿಸಿಕೊಂಡು ಬನ್ನಿ, ಆ ಸಮಯ ನನ್ನ ಲೆಕ್ಕಕ್ಕೆ ಅಂತ ಎಲ್ಲ ಡ್ರೈವರ್‌ಗಳಿಗೂ ಹೇಳಿದ್ದೇನೆ. ಹೆದ್ದಾರಿಯಲ್ಲಿ ರಿವರ್ಸ್ ಹಾಕುವ ಮಾತೇ ಇಲ್ಲ.

ಗಾಡಿ ನೋಡಿಕೊಳ್ಳುವುದು ಎಲ್ಲರಿಗೂ ಗೊತ್ತಿರುವ ವಿಷಯ, ಜಾಸ್ತಿ ಬರೆಯುವುದಿಲ್ಲ. ಟೈರ್ ಗಾಳಿಯನ್ನು ಗಾಡಿ ಓಡುವ ಮುಂಚೆ, ಟೈರ್ ತಣ್ಣಗಿರುವಾಗ ನೋಡಬೇಕು. ಓಡಿ ಬಿಸಿಯಾದ ಟೈರ್‌ನಲ್ಲಿ ಒತ್ತಡ ಜಾಸ್ತಿಯೇ ತೋರಿಸುತ್ತದೆ, ಅದನ್ನು ನೋಡಿ ಗಾಳಿ ಬಿಟ್ಟರೆ ತಣ್ಣಗಾದ ಮೇಲೆ ಕಡಿಮೆ ಬೀಳುತ್ತದೆ. ಗಾಳಿ ಕಡಿಮೆ ಇರುವ ಟೈರ್ ಹೆದ್ದಾರಿ ವೇಗದಲ್ಲಿ ಮಡಚಿ ಮಡಚಿ ಕಾದು ಸಿಡಿಯುತ್ತದೆ. ಸ್ಟೆಪ್ನಿಯಲ್ಲೂ ಗಾಳಿ ಇದೆಯಾ ನೋಡಿ, ತುಂಬ ಜನ ಮರೆಯುವುದು ಅದನ್ನೇ. ಲೋಡ್ ಇದ್ದರೆ ಭಾರದ್ದು ಕೆಳಗೆ, ಮುಂದಿನ ತಗಡಿಗೆ ಒತ್ತಿ, ನಡುವೆ ಜಾಗ ಬಿಡದೆ, ಬೆಲ್ಟ್ ಬಿಗಿದು. ಜಾಗ ಬಿಟ್ಟರೆ ಏನಾಗುತ್ತದೆ ಅಂತ ನಾನು ನೋಡಿದ್ದೇನೆ.

ಒಂದು ವಿಷಯ ಮಾತ್ರ ಅಣ್ಣನೇ ಕಲಿಸಿದ್ದು. ಮುಂದಿನ ಗಾಜನ್ನು ಎಲ್ಲರೂ ಹೊರಗಿನಿಂದ ಒರೆಸುತ್ತಾರೆ. ಅವರು ಒಳಗಿನಿಂದ ಒರೆಸುತ್ತಾರೆ, ಒಣ ಬಟ್ಟೆಯಲ್ಲಿ, ಮೂಲೆಯವರೆಗೆ. ಒಳಗಡೆ ತೆಳ್ಳಗೆ ಒಂದು ಪದರ ಕೂತಿರುತ್ತದೆ, ನೆರಳಿನಲ್ಲಿ ಗೊತ್ತಾಗುವುದಿಲ್ಲ. ನಮ್ಮ ದಾರಿ ಬೆಳಿಗ್ಗೆ ಪೂರ್ವಕ್ಕೆ, ಸಂಜೆ ಪಶ್ಚಿಮಕ್ಕೆ, ಎರಡು ಹೊತ್ತೂ ಸೂರ್ಯ ಎದುರಿಗೇ. ಬಿಸಿಲು ಬಿದ್ದ ಕೂಡಲೇ ಆ ಪದರ ಪೂರ್ತಿ ಬೆಳ್ಳಗಾಗಿ ಮುಂದಿನ ಗಾಡಿಯ ಬ್ರೇಕ್ ಲೈಟ್ ಕೂಡ ಕಾಣುವುದಿಲ್ಲ. ನಾನೇ ಪಕ್ಕದಲ್ಲಿ ಕೂತು ನೋಡಿದೆ, ಗಾಜಿನ ಒರೆಸಿದ ಅರ್ಧಕ್ಕೂ ಒರೆಸದ ಅರ್ಧಕ್ಕೂ ಎಷ್ಟು ವ್ಯತ್ಯಾಸ ಅಂತ.

ಇನ್ನು ವಾಪಸ್ ಬರುವ ದಾರಿ. ಅದಕ್ಕೆ ಯಾರೂ ಲೆಕ್ಕ ಹಾಕುವುದಿಲ್ಲ, ಕೆಲಸ ಮುಗಿಯಿತಲ್ಲ, ನಿಧಾನಕ್ಕೆ ಬಂದರಾಯಿತು ಅಂತ. 6ಕ್ಕೆ ಗಾಡಿ ಬಿಡಬೇಕಾದವರು 4:30ಕ್ಕೆ ಎದ್ದಿರುತ್ತಾರೆ. ನಾನು ಈಗ ಡ್ಯೂಟಿಯನ್ನು ಗಾಡಿ ಬಿಟ್ಟ ಹೊತ್ತಿನಿಂದ ಎಣಿಸುವುದಿಲ್ಲ, ಎದ್ದ ಹೊತ್ತಿನಿಂದ ಎಣಿಸುತ್ತೇನೆ. ಮಧ್ಯಾಹ್ನ 2ರಿಂದ 4ರವರೆಗೆ, ಊಟ ಮಾಡಲಿ ಬಿಡಲಿ, ಮೈ ತಾನಾಗಿಯೇ ಮಂಕಾಗುವ ಹೊತ್ತು. 80ರಲ್ಲಿ ಹೋಗುವಾಗ ನಾಲ್ಕು ಸೆಕೆಂಡ್ ಕಣ್ಣು ಮುಚ್ಚಿದರೆ ಗಾಡಿ ಸುಮಾರು 90 ಮೀಟರ್ ಯಾರ ಕೈಯಲ್ಲೂ ಇಲ್ಲದೆ ಓಡಿರುತ್ತದೆ. ಅದಕ್ಕೇ ಆ ಹೊತ್ತಿಗೆ ವಾಪಸ್ ಹೊರಡುವವರಿಗೆ ಮೊದಲು 20 ನಿಮಿಷ ಸೀಟ್ ಒರಗಿಸಿ ಮಲಗಿ ಅಂತೇನೆ. ಎದ್ದ ಕೂಡಲೇ ಸ್ಟಾರ್ಟ್ ಮಾಡಬೇಡಿ, ಮುಖ ತೊಳೆದು ಹತ್ತು ನಿಮಿಷ ಬಿಟ್ಟು ಹೊರಡಿ ಅಂತಲೂ ಹೇಳುತ್ತೇನೆ. ಮಲಗಿದ್ದನ್ನು ಸೋಮಾರಿತನ ಅಂತ ಬರೆಯುವ ರಿಜಿಸ್ಟರ್ ನಮ್ಮಲ್ಲಿ ಇಲ್ಲ, ಇರಲೂ ಬಾರದು.

ಹೋದ ತಿಂಗಳು ಟ್ರಿಪ್ ಹಾಕಲು ಹೊಸದಾಗಿ ಒಬ್ಬ ಹುಡುಗಿ ಸೇರಿದಳು. ಮೊದಲ ದಿನವೇ ಆ ನೋಟ್‌ಬುಕ್ ಕೊಟ್ಟು ಅಣ್ಣನ ಪಕ್ಕದ ಸೀಟಿಗೆ ಕಳಿಸಿದೆ. ಮೂರು ದಿನ ಆದ ಮೇಲೆ ಬಂದು 'ಸರ್, ನೀವು ಪಾರ್ಟಿ ಗೇಟ್‌ಗೆ ನಿಲ್ಲಿಸಿಬಿಟ್ಟಿದ್ದೀರಾ' ಅಂದಳು. ಗೇಟ್‌ನಲ್ಲಿ ಹೆಸರು ಬರೆಸಿ, ಪಾಸ್ ತೆಗೆದುಕೊಂಡು, ಇಳಿಸುವ ಜಾಗಕ್ಕೆ ಗಾಡಿ ಹೋಗಲು ಒಂದು ದಿನ 12 ನಿಮಿಷ, ಒಂದು ದಿನ 25 ನಿಮಿಷ ಆಗಿದೆ. ವಾಪಸ್ ಹೊರಡುವುದು ಅಷ್ಟೂ ತಡ ಆಗಿ ಗಾಡಿ ಸಂಜೆಯ ಟ್ರಾಫಿಕ್‌ಗೆ ಸಿಕ್ಕಿಕೊಳ್ಳುವುದು ಅದರಿಂದಲೇ. ಇಷ್ಟು ದಿನ ನನ್ನ ಕಣ್ಣಿಗೇ ಬಿದ್ದಿರಲಿಲ್ಲ. ಪುಟದ ಅಂಚಿನಲ್ಲಿ ಉಳಿದಿದ್ದ ಸ್ವಲ್ಪ ಜಾಗದಲ್ಲಿ ಸ್ಕೇಲ್ ಇಟ್ಟು ಗೆರೆ ಎಳೆದು ಅವಳೇ ಏಳನೇ ಕಾಲಂ ಹಾಕಿದ್ದಾಳೆ.